ಟೆಕ್ಸಾಸ್‌ನ ವೆಸ್ಟ್ ಪಟ್ಟಣ ಹುಟ್ಟಿದ್ದು ಹೇಗೆ? ಅಲ್ಲಿ ಚೆಕ್ ಜನ ನೆಲೆಸಿದ್ದೇಕೆ?

ವೆಸ್ಟ್ ಊರಾದದ್ದು ರೈಲಿನಿಂದ. ಮಧ್ಯ ಯುರೋಪಿನಿಂದ ವಲಸೆ ಬಂದ ಚೆಕ್ ರೈತರನ್ನು ಅಲ್ಲಿಗೆ ಸೆಳೆದದ್ದು ಸುತ್ತಲಿನ ಫಲವತ್ತಾದ ಎರೆಭೂಮಿ. 1880ರ ದಶಕದ ಆರಂಭದಲ್ಲಿ ಮಿಸೌರಿ–ಕಾನ್ಸಾಸ್–ಟೆಕ್ಸಾಸ್ ರೈಲ್ವೆ ಕಂಪನಿಯು ಹಿಲ್ಸ್‌ಬರೊ ಮತ್ತು ವೇಕೊ ಊರುಗಳ ನಡುವೆ ಹಾಕಿದ ಹಳಿ ಟಿ. ಎಂ. ವೆಸ್ಟ್ ಎಂಬುವರ ಜಮೀನಿನಲ್ಲಿ ಹಾದುಹೋಯಿತು. ಅವರು ರೈಲ್ವೆಗೆ ಜಾಗ ಮಾರಿದರು, 1882ರಲ್ಲಿ ತೆರೆದ ಅಂಚೆ ಕಚೇರಿಗೆ ಅವರ ಹೆಸರೇ ಬಂತು.

ಹಳಿ ಅಷ್ಟು ಮುಖ್ಯವಾಗಲು ಕಾರಣ ಮಣ್ಣಿನಲ್ಲೇ ಇದೆ. ನಮ್ಮ ಉತ್ತರ ಕರ್ನಾಟಕದ ಎರೆಹೊಲದಂತೆ ಆ ಕಪ್ಪು ಮಣ್ಣೂ ತೇವ ಹಿಡಿದಿಟ್ಟು ಹತ್ತಿಯನ್ನು ಚೆನ್ನಾಗಿ ಬೆಳೆಸುತ್ತದೆ, ಆದರೆ ಮಳೆಯಾದೊಡನೆ ಗಾಲಿಗೆ ಮೆತ್ತಿಕೊಂಡು ಬಂಡಿಯನ್ನು ನಿಂತಲ್ಲೇ ಹೂತುಬಿಡುತ್ತದೆ. ಸುಮಾರು 500 ಪೌಂಡ್ ತೂಗುವ, ಒತ್ತಿ ಕಟ್ಟಿದ ಹತ್ತಿ ಮೂಟೆಯನ್ನು ಅಂಥ ದಾರಿಯಲ್ಲಿ ದೂರದ ಪೇಟೆಗೆ ಸಾಗಿಸುವುದು ದುಬಾರಿಯಾಗಿದ್ದರಿಂದ, ಹತ್ತಿರದಲ್ಲೊಂದು ನಿಲ್ದಾಣ ಸಿಕ್ಕ ಮೇಲೆಯೇ ಅಲ್ಲಿನ ಬೇಸಾಯಕ್ಕೆ ನಿಜವಾದ ಬೆಲೆ ಬಂತು. ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನು, ಅಂಗಡಿಗಳೂ ಹಳಿಯ ಬಳಿಯೇ ಎದ್ದವು.

ಭೂಮಿ ಕೊಳ್ಳಲು ಬಂದ ಚೆಕ್ ಕುಟುಂಬಗಳು ತಮ್ಮ ಭಾಷೆ, ಚರ್ಚು, ಅಡುಗೆಗಳನ್ನೂ ತಂದವು. ಹಣ್ಣಿನ ಹೂರಣವಿಟ್ಟು ಬೇಯಿಸಿದ ಕೊಲಾಚಿ ಎಂಬ ಸಿಹಿ ಬನ್ನಿಗೆ ಆ ಊರು ಇಂದಿಗೂ ಹೆಸರುವಾಸಿ.