ಶನಿವಾರದ ಬಟವಾಡೆ

ಆಫೀಸಿನಲ್ಲಿ ಎಲ್ಲರೂ ಬೇರೆ ಧರ್ಮದವರು, ಯೇಸುವಿನ ಬಗ್ಗೆ ಮಾತಾಡಲು ಸಂಕೋಚ, ಹಾಗಿರುವಾಗ ಭಾನುವಾರ ಬಿಟ್ಟು ಉಳಿದ ಆರು ದಿನ ಕ್ರೈಸ್ತಳಾಗಿ ಬದುಕೋದು ಹೇಗೆ ಅಂತ ಕೇಳಿದ್ದೀರಿ. ನನಗೆ ತಿಳಿದ ಮಟ್ಟಿಗೆ, ಯಾರಿಗೆ ಏನು ಕೊಡಬೇಕಾಗಿದೆ ಅಂತ ಮೊದಲು ನೋಡಿ. ದಾನದ ಮಾತು ಆಮೇಲೆ. ಇದನ್ನು ನಾನು ತಪ್ಪು ಮಾಡಿಯೇ ಕಲಿತೆ.

ನಾನು ಮಂಗಳೂರಿನಲ್ಲಿ ಸಣ್ಣ ಕಂಟ್ರಾಕ್ಟರ್. ಹಳೇ ಮನೆಯ ಹಂಚು ಇಳಿಸಿ ಸ್ಲ್ಯಾಬ್ ಹಾಕೋದು, ಸಾರಣೆ, ಅಂಥ ಕೆಲಸ. ನನ್ನ ಜೊತೆ ಇರುವ ಹತ್ತು ಹನ್ನೆರಡು ಜನರಲ್ಲಿ ಬಾಗಲಕೋಟೆ, ಗದಗ ಕಡೆಯವರೇ ಜಾಸ್ತಿ. ಶನಿವಾರ ಸಂಜೆ ಕೂಲಿ ಬಟವಾಡೆ. ಕೆಲವು ವರ್ಷದ ಹಿಂದೆ ಒಬ್ಬ ಮನೆ ಮಾಲೀಕರು ದುಡ್ಡು ತಡ ಮಾಡಿದರು. ನಾನು ಕೆಲಸದವರಿಗೆ "ಬುಧವಾರ ಕೊಡ್ತೇನೆ" ಅಂದುಬಿಟ್ಟೆ. ಎಲ್ಲರೂ ಹೋದರು. ಒಬ್ಬ ಹೆಂಗಸು ಮಾತ್ರ ನಿಂತೇ ಇದ್ದಳು. ಕೈಕಾಲು ತೊಳೆದಿದ್ದಳು, ಉಗುರಿನ ಸಂದಿಯಲ್ಲಿ ಸಿಮೆಂಟು ಹಾಗೇ ಇತ್ತು. ಬುತ್ತಿ ಚೀಲವನ್ನು ಆ ಕೈಯಿಂದ ಈ ಕೈಗೆ ಬದಲಾಯಿಸುತ್ತಾ, "ಸಾವ್ಕಾರ್ರ, ಅಂಗಡಿಯವ ಇನ್ನ ಉದ್ರಿ ಕೊಡಂಗಿಲ್ಲ ಅಂದಾನ್ರಿ" ಅಂದಳು. ನನ್ನ ಜೇಬಿನಲ್ಲಿ ದುಡ್ಡಿತ್ತು. ಮರುದಿನದ ಕಾಣಿಕೆಗೆ ಅಂತ ತೆಗೆದಿಟ್ಟದ್ದು. ಒಬ್ಬಳಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ ಅಂತ ಸುಮ್ಮನಾದೆ.

ಮರುದಿನ ಚರ್ಚಿನಲ್ಲಿ ಕಾಣಿಕೆ ಚೀಲಕ್ಕೆ ಆ ನೋಟು ಹಾಕಿದೆ. ಚೀಲ ಮುಂದಿನ ಬೆಂಚಿಗೆ ಹೋಯಿತು. ಹೊಟ್ಟೆಯಲ್ಲಿ ಒಂಥರಾ ಆಯಿತು. ಅದು ಅವಳ ದುಡ್ಡು.

ಮನೆಗೆ ಬಂದು, ಕೂಲಿಯ ಬಗ್ಗೆ ಸತ್ಯವೇದದಲ್ಲಿ, ಅಂದರೆ ಬೈಬಲ್‌ನಲ್ಲಿ, ಏನಿದೆ ಅಂತ ಹುಡುಕಿದೆ. ಧರ್ಮೋಪದೇಶಕಾಂಡ 24:15ರಲ್ಲಿ ಹೊತ್ತು ಮುಳುಗುವ ಮೊದಲೇ ಕೂಲಿ ಕೊಡಬೇಕು ಅಂತಿದೆ, ಅವನು ಬಡವ, ಅದನ್ನೇ ನೆಚ್ಚಿಕೊಂಡಿದ್ದಾನೆ ಅಂತ. ಯಾಕೋಬನ ಪತ್ರಿಕೆ 5:4ರಲ್ಲಿ ಹಿಡಿದಿಟ್ಟ ಕೂಲಿಯೇ ಕೂಗುತ್ತದೆ. ಯೇಸು ಮನೆಗೆ ಬಂದಾಗ ಮನಸ್ಸು ಬದಲಾಯಿಸಿದ ಸುಂಕ ವಸೂಲಿಗಾರ ಜಕ್ಕಾಯನ ಕಥೆ ನಿಮಗೆ ಗೊತ್ತಿರುತ್ತದೆ. ಅವನು ಅರ್ಧ ಆಸ್ತಿಯನ್ನು ಬಡವರಿಗೆ ಕೊಟ್ಟದ್ದು ನಮಗೆಲ್ಲ ನೆನಪಿರುತ್ತದೆ. ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದೆ ಕೊಡುತ್ತೇನೆ ಅಂದದ್ದನ್ನು ಯಾಕೋ ಮರೆತುಬಿಡುತ್ತೇವೆ.

ಅವತ್ತೇ ಸಂಜೆ ತಮ್ಮನ ಹತ್ತಿರ ಕೈಗಡ ತಗೊಂಡು ಅವರ ಶೆಡ್ಡಿಗೆ ಹೋಗಿ ಎಲ್ಲರ ಲೆಕ್ಕ ಮುಗಿಸಿದೆ. ಆಕೆ ಎರಡು ಸಲ ಎಣಿಸಿ, ಮಗನನ್ನು ಅಂಗಡಿಗೆ ಓಡಿಸಿದಳು. ನನಗೆ ಏನೂ ಹೇಳಲಿಲ್ಲ. ಯಾಕೆ ಹೇಳಬೇಕು, ಅವಳದೇ ದುಡ್ಡು ಅಲ್ವಾ?

ಆಮೇಲೆ ಎರಡು ವಾರದ ಕೂಲಿಯಷ್ಟು ಹಣ ಬೇರೆ ಖಾತೆಯಲ್ಲಿ ಕೂಡಿಟ್ಟೆ. ಅದಕ್ಕೆ ಎಂಟು ತಿಂಗಳು ಹಿಡಿಯಿತು. ಈಗ ಮಾಲೀಕರು ತಡ ಮಾಡಿದರೂ ಶನಿವಾರ ತಪ್ಪುವುದಿಲ್ಲ.

ಹಂಚು ಇಳಿಸುವಾಗ ಕೆಲವೊಮ್ಮೆ ಬಾಸೆಲ್ ಮಿಷನ್ ಅಂತ, ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಸಂಸ್ಥೆಯ ಹೆಸರು ಅಚ್ಚಿರುವ ಹಂಚು ಕೈಗೆ ಸಿಗುತ್ತದೆ. 1865ರಲ್ಲಿ ಪ್ಲೆಬ್ಸ್ಟ್ ಎಂಬ ಮಿಷನರಿ ಇಲ್ಲಿ ಅದರ ಹಂಚಿನ ಕಾರ್ಖಾನೆ ಶುರು ಮಾಡಿದರು. ಕ್ರೈಸ್ತರಾದ ಕಾರಣಕ್ಕೆ ಮನೆ, ಕಸುಬು ಎರಡೂ ಕಳೆದುಕೊಂಡವರಿಗೆ ಮಿಷನ್ ಮೊದಲು ನೇಯ್ಗೆ, ಆಮೇಲೆ ಹಂಚಿನ ಕೆಲಸ ಕೊಟ್ಟಿತು. ಉಪದೇಶದ ಜೊತೆಗೆ ಸಂಬಳವೂ ಬೇಕು ಅಂತ ಅವರಿಗೆ ಗೊತ್ತಿತ್ತು. ಅಂಥ ಒಂದು ಹಂಚನ್ನು ನನ್ನ ಹಾಜರಿ ಪುಸ್ತಕದ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ.

ನೀವು ಅಕೌಂಟ್ಸ್ ವಿಭಾಗದಲ್ಲಿ ಇದ್ದೀರಿ ಅಂತ ಬರೆದಿದ್ದೀರಿ. ಯೇಸುವಿನ ಬಗ್ಗೆ ಮಾತಾಡಲು ಸಮಯ ಬಂದೇ ಬರುತ್ತದೆ, ಯಾರಾದರೂ ಕೇಳಿಯೇ ಕೇಳುತ್ತಾರೆ. ನಾಳೆ ಬೆಳಿಗ್ಗೆ ನಿಮ್ಮ ಟೇಬಲ್ ಮೇಲಿನ ಫೈಲುಗಳನ್ನು ಒಮ್ಮೆ ತೆಗೆದು ನೋಡಿ. ನೀರಿನ ಕ್ಯಾನ್ ತರುವವನದ್ದೋ, ಗುಡಿಸುವವರದ್ದೋ ಬಿಲ್ಲು ಸಹಿಗೆ ಕಾಯುತ್ತಾ ಕೂತಿದ್ದರೆ, ಅದನ್ನು ಮೊದಲು ಪಾಸ್ ಮಾಡಿಸಿ.