ದೊಡ್ಡ ಕಂಪನಿ ಮುಂಗಡ ಕೇಳಿದರೆ, ಮೊದಲು ಟೇಪ್ ಬಗ್ಗೆ ಕೇಳಿ

ನಿಮ್ಮ ಪ್ರಶ್ನೆ ಓದಿ, ಇದನ್ನು ನಾನೇ ಬರೆದಿದ್ದೆನೇನೋ ಅನ್ನಿಸಿತು. ಅದೇ ದೊಡ್ಡ ರೆಕಾರ್ಡ್ ಕಂಪನಿ, ಅದೇ ಹಳೇ ಆಲ್ಬಂ, ಇಷ್ಟು ಜನ ಮುಂಗಡ ಕಟ್ಟಿದರೆ ಮಾತ್ರ ವಿನೈಲ್‌ನಲ್ಲಿ (ಗ್ರಾಮಫೋನ್ ಪ್ಲೇಟಿನ ರೂಪದಲ್ಲಿ) ಮತ್ತೆ ತರುತ್ತೇವೆ ಅನ್ನೋ ಷರತ್ತು. ದುಡ್ಡು ಹಾಕಲಾ, ಕಾಯಲಾ ಅಂತ ಗೊಂದಲ. ಜೊತೆಗೆ "ಹಳೇ ಸಂಗೀತ ಉಳಿಸೋ ಕೆಲಸ ಅಲ್ವಾ" ಅಂತ ಒಂದು ಮಾತು ಸೇರಿಸಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನನಗೆ ಆದದ್ದು ಕೇಳಿ.

ಮಲ್ಲೇಶ್ವರದಲ್ಲಿ ನಾವು ಒಂದಿಷ್ಟು ಜನ ಭಾನುವಾರ ಬೆಳಿಗ್ಗೆ ಒಬ್ಬರ ಮನೆಯಲ್ಲಿ ಸೇರಿ ಪ್ಲೇಟು ಕೇಳುತ್ತೇವೆ. ನಮ್ಮಲ್ಲಿ ಹಿರಿಯರು ರಾಯರು, ಐಟಿಐ ಟೆಲಿಫೋನ್ ಕಾರ್ಖಾನೆಯಲ್ಲಿದ್ದು ರಿಟೈರ್ ಆದವರು. ಟರ್ನ್‌ಟೇಬಲ್ ಕೆಟ್ಟರೆ ಅವರೇ ಬಿಚ್ಚಿ ಜೋಡಿಸುತ್ತಾರೆ, ಬೆಲ್ಟು, ಮುಳ್ಳು ಎಲ್ಲ ಎಸ್.ಪಿ. ರೋಡ್ ಸುತ್ತಿ ತರುತ್ತಾರೆ. ಅವರ ಹತ್ತಿರ ಎಪ್ಪತ್ತರ ದಶಕದ ಒಂದು ವಿದೇಶಿ ಜಾಝ್ ಎಲ್‌ಪಿ ಇದೆ. ಕೇಳಿ ಕೇಳಿ ಸವೆದುಹೋಗಿದೆ. ಮೊದಲ ಸೈಡ್‌ನಲ್ಲಿ ಒಂದು ಕಡೆ ಮುಳ್ಳು ಸಿಕ್ಕಿಕೊಂಡು ಅದೇ ತುಣುಕು ತಿರುಗಿ ತಿರುಗಿ ಬರುತ್ತದೆ, ರಾಯರು ಎದ್ದು ಹೋಗಿ ಬೆರಳ ತುದಿಯಿಂದ ಸ್ವಲ್ಪ ಮುಂದೆ ತಳ್ಳುತ್ತಾರೆ. ನಮ್ಮೆಲ್ಲರಿಗೂ ಆ ಆಲ್ಬಂ ಅಂದರೆ ಪ್ರಾಣ.

ಅದನ್ನೇ ಮತ್ತೆ ಒತ್ತುತ್ತೇವೆ, ಮುಂಗಡ ಕಟ್ಟಿ ಅಂತ ಕಂಪನಿ ಪ್ರಕಟಿಸಿದಾಗ ಮೊದಲು ನೋಡಿದವನು ನಾನು. ಯಾವ ಕಂಪನಿ, ಯಾವ ಆಲ್ಬಂ ಅಂತ ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಬೇರೆ ಬೇರೆ ತರಿಸಿದರೆ ಪ್ಲೇಟಿಗಿಂತ ಪಾರ್ಸಲ್ ಖರ್ಚೇ ಜಾಸ್ತಿ ಆಗುತ್ತಿತ್ತು. ಅದಕ್ಕೇ ಒಟ್ಟಿಗೆ ತರಿಸೋಣ ಅಂದೆ. ಎಲ್ಲರ ದುಡ್ಡು ನನ್ನ ಖಾತೆಗೆ ಬಂತು, ನನ್ನ ಕಾರ್ಡಿನಿಂದ ಹೋಯಿತು. ಗುರಿ ಮುಟ್ಟಿತು. ಕಾದೆವು. ಹೇಳಿದ ತಿಂಗಳು ದಾಟಿತು, ಮತ್ತೂ ಕಾದೆವು. ಕೊನೆಗೆ ಪೆಟ್ಟಿಗೆ ಬಂತು, ಅದರ ಹಿಂದೆಯೇ ಕಸ್ಟಮ್ಸ್ ಮತ್ತು ಜಿಎಸ್‌ಟಿ ಚೀಟಿಯೂ ಬಂತು. ಇದ್ಯಾವುದೂ ನನಗೆ ಬೇಜಾರಿನ ವಿಷಯ ಅಲ್ಲ.

ಆ ಭಾನುವಾರ ಹೊಸ ಪ್ಲೇಟು ಹಾಕಿದೆವು. ಚಟಪಟ ಸದ್ದು ಒಂದೂ ಇಲ್ಲ. ಎಲ್ಲರ ಮುಖ ಅರಳಿತ್ತು. ಎರಡನೇ ಸೈಡ್ ಮುಗಿದ ಮೇಲೆ ರಾಯರು ಸುಮ್ನೆ ಎದ್ದು ತಮ್ಮ ಹಳೇ ಪ್ಲೇಟಿನ ಅದೇ ಕೊನೆಯ ಹಾಡು ಹಾಕಿದರು. ಹಳೆಯದರಲ್ಲಿ ಪಿಯಾನೋದ ಕೊನೆಯ ಸ್ವರ ನಿಧಾನ ಕರಗುತ್ತದೆ, ಆಮೇಲೆ ಯಾರೋ ಕೂತ ಸ್ಟೂಲು ಕಿರ್ರ್ ಅನ್ನುತ್ತದೆ, ಒಬ್ಬರು ಉಸಿರು ಬಿಡುತ್ತಾರೆ, ಆಮೇಲೆ ಮುಗಿಯುತ್ತದೆ. ಹೊಸದರಲ್ಲಿ ಸ್ವರ ಪೂರ್ತಿ ಕರಗುವ ಮೊದಲೇ ಎಲ್ಲ ಖಾಲಿ. ಸ್ಟೂಲೂ ಇಲ್ಲ, ಉಸಿರೂ ಇಲ್ಲ.

"ಇದು ಸಿಡಿ ಕಣಪ್ಪ" ಅಂದರು ರಾಯರು.

"ಇಲ್ಲ ಸರ್, ಹೊಸದಾಗಿ ರಿಮಾಸ್ಟರ್ ಮಾಡಿದ್ದಾರೆ."

"ಮಾಡಿರಬಹುದು. ಯಾವುದರಿಂದ ಮಾಡಿದ್ದಾರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಗುಂಪಿನಲ್ಲಿ ಒಬ್ಬರ ಬಳಿ ಅದೇ ಆಲ್ಬಂನ ಹಳೇ ಸಿಡಿ ಇತ್ತು, ಹಾಕಿ ನೋಡಿದೆವು. ಅದೇ ಜಾಗದಲ್ಲಿ ಅದೇ ಕತ್ತರಿ. ಸಿಡಿ ಮಾಡುವಾಗ ಯಾರೋ ಹಿನ್ನೆಲೆಯ ಸದ್ದು ಕಮ್ಮಿ ಮಾಡಲು ಕೊನೆಯನ್ನು ಕತ್ತರಿಸಿ, ಎಲ್ಲವನ್ನೂ ಜೋರು ಮಾಡಿದ್ದರು. ಆ ಫೈಲನ್ನೇ ತಂದು ಪ್ಲೇಟಿಗೆ ಇಳಿಸಿದ್ದಾರೆ. ಡ್ರಮ್ ಮೇಲೆ ಬ್ರಷ್ ಸುತ್ತು ಹಾಕುವುದು ಹಳೆಯದರಲ್ಲಿ ಕಣ್ಣಿಗೆ ಕಟ್ಟಿದಂತೆ ಕೇಳಿಸುತ್ತದೆ, ಹೊಸದರಲ್ಲಿ ಒಂದೇ ಸಮ 'ಶ್' ಅನ್ನೋ ಸದ್ದು.

ನನ್ನ ತಪ್ಪು ಏನು ಅಂತ ಬಿಡಿಸಿ ಹೇಳಬೇಕು, ಯಾಕೆಂದರೆ ನೀವು ಕೂಡ ಅದನ್ನೇ ಮಾಡುವ ಹಾದಿಯಲ್ಲಿದ್ದೀರಿ. ಮುಂಗಡ ಕಟ್ಟುವ ಮೊದಲು ಕಂಪನಿಗೆ ಪ್ರಶ್ನೆ ಕೇಳಲು ಅವಕಾಶ ಇತ್ತು. ನಾನು ಕೇಳಿಯೂ ಕೇಳಿದ್ದೆ. ಪ್ಯಾಕಿಂಗ್ ಗಟ್ಟಿ ಇರುತ್ತಾ, ಭಾರತಕ್ಕೆ ಕಳಿಸ್ತೀರಾ, ಕವರಿನ ಮೂಲೆ ಮಡಚಿ ಬಂದರೆ ಬದಲಾಯಿಸ್ತೀರಾ ಅಂತ. ಯಾವುದರಿಂದ ಕಟ್ ಮಾಡುತ್ತೀರಿ, ಅಂದರೆ ಪ್ಲೇಟಿನ ಗೆರೆಗಳನ್ನು ಯಾವ ಪ್ರತಿಯಿಂದ ಕೊರೆಯುತ್ತೀರಿ ಅಂತ ಕೇಳಲಿಲ್ಲ. ಕಂಪನಿ ದೊಡ್ಡದು, ಆಲ್ಬಂ ಅವರದೇ, ಹಾಗಾದರೆ ಸ್ಟುಡಿಯೋದಲ್ಲಿ ಮೊದಲು ರೆಕಾರ್ಡ್ ಮಾಡಿದ ಮೂಲ ಟೇಪೂ ಅವರ ಹತ್ತಿರವೇ ಇರುತ್ತೆ, ಅದರಿಂದಲೇ ಮಾಡ್ತಾರೆ ಅಂತ ನನ್ನಷ್ಟಕ್ಕೆ ನಾನೇ ಅಂದುಕೊಂಡೆ. ಕಂಪನಿ ಎಲ್ಲೂ ಹಾಗೆ ಹೇಳಿರಲಿಲ್ಲ. '180 ಗ್ರಾಂ' ಅಂತ ಇತ್ತು. ಅದು ಪ್ಲೇಟಿನ ತೂಕ, ಹಾಡು ಎಲ್ಲಿಂದ ಬಂತು ಅಂತ ಅದು ಹೇಳುವುದಿಲ್ಲ. 'ರಿಮಾಸ್ಟರ್ಡ್' ಅಂತ ಇತ್ತು. ಯಾರೋ ಕೂತು ಸದ್ದನ್ನು ಮತ್ತೆ ಹದ ಮಾಡೋ ಕೆಲಸ ಮಾಡಿದ್ದಾರೆ ಅಂತ ಅಷ್ಟೇ ಅದರ ಅರ್ಥ, ಸಿಡಿ ಫೈಲನ್ನು ಮುಂದಿಟ್ಟುಕೊಂಡೂ ಆ ಕೆಲಸ ಮಾಡಬಹುದು. ನಂಬರ್ ಹಾಕಿದ ಪ್ರತಿ, ಬಿಚ್ಚಿಕೊಳ್ಳುವ ದಪ್ಪ ಕವರ್, ಎಲ್ಲ ಇತ್ತು. ಟೇಪ್ ಬಗ್ಗೆ ಒಂದು ಸಾಲೂ ಇರಲಿಲ್ಲ. ಮೂಲ ಟೇಪ್ ಬಳಸಿದವರು ಅದನ್ನು ಹೇಳದೆ ಬಿಡುವುದಿಲ್ಲ. ಹೇಳದೆ ಇದ್ದದ್ದೇ ನನಗೆ ಸಾಕಾಗಬೇಕಿತ್ತು.

ಟೇಪ್ ಇದ್ದರೂ ಯಾಕೆ ಬಳಸುವುದಿಲ್ಲ ಅಂದರೆ, ಖರ್ಚು. ಗೋದಾಮಿನಿಂದ ಟೇಪ್ ತರಿಸಬೇಕು. ಎಪ್ಪತ್ತರ ದಶಕದ ಎಷ್ಟೋ ಟೇಪ್‌ಗಳು ಅಂಟಂಟಾಗಿರುತ್ತವೆ, ಕಮ್ಮಿ ಶಾಖದಲ್ಲಿ ಗಂಟೆಗಟ್ಟಲೆ ಕಾಯಿಸದೆ ಓಡಿಸುವ ಹಾಗಿಲ್ಲ. ಸರಿಯಾದ ಮೆಷಿನ್ ಬೇಕು, ಕಿವಿ ಇರುವ ಎಂಜಿನಿಯರ್ ಬೇಕು. ಆಮೇಲೆ ಲ್ಯಾಕರ್ ಅನ್ನೋ ಮೆತ್ತನೆಯ ತಟ್ಟೆಯಲ್ಲಿ ಗೆರೆ ಕಟ್ ಮಾಡಬೇಕು, ಅದಕ್ಕೆ ಲೋಹ ಹಿಡಿಸಿ ಅಚ್ಚು ತೆಗೆಯಬೇಕು, ಪರೀಕ್ಷೆಗೆ ನಾಲ್ಕಾರು ಪ್ಲೇಟು ಒತ್ತಿ ಕೇಳಬೇಕು. ಇದು ಮದುವೆ ಕಾರ್ಡ್ ಪ್ರಿಂಟ್ ಮಾಡಿಸಿದ ಹಾಗೆ, ಐವತ್ತು ಬೇಕಾದರೂ ಐನೂರು ಬೇಕಾದರೂ ಮೊದಲ ಖರ್ಚು ಅಷ್ಟೇ. ಜನರಿಂದ ಮುಂಗಡ ಎತ್ತಿ ಮಾಡುವುದು ಸಾಮಾನ್ಯವಾಗಿ ಸಣ್ಣ ಸಂಖ್ಯೆಯ ಪ್ಲೇಟು. ಆ ಸಣ್ಣ ಲೆಕ್ಕದಲ್ಲಿ ಮೊದಲು ಕತ್ತರಿ ಬೀಳುವುದು ಟೇಪ್ ಕೆಲಸಕ್ಕೆ, ಫೈಲ್ ಹೇಗೂ ಕಂಪ್ಯೂಟರಿನಲ್ಲಿ ಇದೆಯಲ್ಲ.

ಕೆಲವು ಸಲ ಟೇಪೇ ಇರುವುದಿಲ್ಲ. 2008ರಲ್ಲಿ ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋಸ್ ಆವರಣದಲ್ಲಿ ಬೆಂಕಿ ಬಿದ್ದಾಗ ಅಲ್ಲಿದ್ದ ಎಷ್ಟೋ ಮೂಲ ಟೇಪ್‌ಗಳೂ ಸುಟ್ಟವು. ನಷ್ಟ ಎಷ್ಟು ದೊಡ್ಡದು ಅನ್ನೋ ಚರ್ಚೆ ಜಗತ್ತಿಗೆ ಗೊತ್ತಾಗಿದ್ದು 2019ರಲ್ಲಿ, ನ್ಯೂಯಾರ್ಕ್ ಟೈಮ್ಸ್ ಬರೆದ ಮೇಲೆ. ಆದ್ದರಿಂದ "ದೊಡ್ಡ ಕಂಪನಿ, ಟೇಪ್ ಇದ್ದೇ ಇರುತ್ತೆ" ಅಂತ ಯಾರು ಹೇಳಿದರೂ ನಂಬಬೇಡಿ.

ಡಿಜಿಟಲ್ ಅಂದರೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮೂಲ ಟೇಪ್‌ನಿಂದ ಒಳ್ಳೆಯ ಡಿಜಿಟಲ್ ಪ್ರತಿ ತೆಗೆದು, ಪ್ಲೇಟಿಗೆ ತಕ್ಕ ಹಾಗೆ ಮಾಸ್ಟರ್ ಮಾಡಿದರೆ ತುಂಬಾ ಚೆನ್ನಾಗಿ ಬರುತ್ತದೆ. ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ದುಬಾರಿ ಪ್ಲೇಟುಗಳನ್ನು ಅಪ್ಪಟ ಅನಲಾಗ್, ಅಂದರೆ ನಡುವೆ ಡಿಜಿಟಲ್ ಇಲ್ಲದೆ ನೇರ ಟೇಪಿನಿಂದ ಬಂದದ್ದು ಅಂತ ಜನ ಮೆಚ್ಚಿ ಕೇಳುತ್ತಿದ್ದರು. ಅವುಗಳಲ್ಲಿ ಎಷ್ಟೋ ಪ್ಲೇಟಿಗೆ ನಡುವೆ ಡಿಜಿಟಲ್ ಹಂತ ಇತ್ತು ಅಂತ 2022ರಲ್ಲಿ ಹೊರಬಂತು. ಗ್ರಾಹಕರು ಕೋರ್ಟಿಗೆ ಹೋದರು, ಕಂಪನಿ 2.5 ಕೋಟಿ ಡಾಲರ್ ಮೊತ್ತದ ರಾಜಿಗೆ ಒಪ್ಪಬೇಕಾಯಿತು. ಅಲ್ಲಿ ಜನ ಸಿಟ್ಟಾಗಿದ್ದು ಸದ್ದಿನ ಮೇಲೆ ಅಲ್ಲ, ಹೇಳದೆ ಮುಚ್ಚಿಟ್ಟಿದ್ದರ ಮೇಲೆ.

ನಮ್ಮ ಗುಂಪಿನಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ದುಡ್ಡು ವಾಪಸ್ ಬೇಕು ಅಂದ ಇಬ್ಬರಿಗೆ ಕೊಟ್ಟೆ, ಅವರ ಪ್ಲೇಟು ನನ್ನ ಬೀರುವಿನಲ್ಲಿವೆ. ರಾಯರು ತೆಗೆದುಕೊಳ್ಳಲಿಲ್ಲ. ಅವರು ಪೆನ್ಷನ್ ದುಡ್ಡಿನಲ್ಲಿ ಹಾಕಿದ್ದು ನನ್ನ ಮಾತು ನಂಬಿ. ಆ ಬೇಜಾರು ಇನ್ನೂ ಹೋಗಿಲ್ಲ.

ಈಗ ನಿಮ್ಮ "ಉಳಿಸೋ ಕೆಲಸ" ಅನ್ನೋ ಮಾತಿಗೆ ಬರುತ್ತೇನೆ. ನಾನು ಒಪ್ಪುವುದಿಲ್ಲ. ನೀವು ಹೇಳಿದ ಆಲ್ಬಂ ಸ್ಟ್ರೀಮಿಂಗ್‌ನಲ್ಲಿ ಇದೆ ಅಂತ ನೀವೇ ಬರೆದಿದ್ದೀರಿ. ಅದು ಎಲ್ಲೂ ಸಾಯುತ್ತಿಲ್ಲ. ಕಂಪನಿಯೂ ಬಡವಾಗಿಲ್ಲ. ಅಮೆರಿಕದಲ್ಲಿ 2022ರಲ್ಲಿ ಸುಮಾರು 4.1 ಕೋಟಿ ವಿನೈಲ್ ಮಾರಾಟವಾದವು, ಸಿಡಿ 3.3 ಕೋಟಿ, 1987ರ ನಂತರ ಪ್ಲೇಟು ಸಿಡಿಯನ್ನು ಲೆಕ್ಕದಲ್ಲಿ ಹಿಂದೆ ಹಾಕಿದ್ದು ಅದೇ ಮೊದಲು. ಯೂನಿವರ್ಸಲ್ ಮ್ಯೂಸಿಕ್ 2014ರಲ್ಲಿ ಬ್ರಿಟನ್‌ನಲ್ಲಿ 'ದಿ ವಿನೈಲ್ ಪ್ರಾಜೆಕ್ಟ್' ಅಂತ ಇದೇ ರೀತಿ ಜನರಿಂದ ಮುಂಗಡ ಎತ್ತುವ ಯೋಜನೆ ಶುರು ಮಾಡಿತು (ನನ್ನ ಕಥೆಗೂ ಇದಕ್ಕೂ ಸಂಬಂಧ ಇಲ್ಲ). ಜಗತ್ತಿನ ಅತಿ ದೊಡ್ಡ ಸಂಗೀತ ಕಂಪನಿಗೆ ಕೆಲವು ನೂರು ಪ್ಲೇಟು ಒತ್ತಲು ದುಡ್ಡಿರಲಿಲ್ಲ ಅಂತ ಅಲ್ಲ. ಮಾರಾಟ ಆಗದೆ ಗೋದಾಮಿನಲ್ಲಿ ಕೂತರೆ ಆಗುವ ನಷ್ಟ ಬೇಡ ಅಂತ. ಅದರಲ್ಲಿ ತಪ್ಪೇನೂ ಇಲ್ಲ, ಬೇಡಿಕೆ ಇದೆ ಅಂತ ಗೊತ್ತಾದರೆ ಎಷ್ಟೋ ಹಳೇ ಆಲ್ಬಂ ಹೊರಗೆ ಬರುತ್ತವೆ. ಆದರೆ ಆಗ ನೀವು ಮುಂಗಡ ಕೊಟ್ಟ ಗಿರಾಕಿ. ಗಿರಾಕಿಯ ಹಾಗೆ ಕೇಳಿ. ದಾನ ಕೊಟ್ಟವರ ಮನಸ್ಸಿನಲ್ಲಿ ಹೋದರೆ ಪ್ರಶ್ನೆ ಕೇಳಲು ಸಂಕೋಚ ಆಗುತ್ತದೆ, ನನಗೆ ಆಗಿದ್ದು ಅದೇ.

'ಲಿಮಿಟೆಡ್' ಅಂತ ನೋಡಿ ಮುಂದೆ ಬೆಲೆ ಏರುತ್ತೆ ಅಂತಲೂ ಹಾಕಬೇಡಿ. ಹಕ್ಕು ಅವರದು, ಬೇಕಾದಾಗ ಬೇರೆ ಬಣ್ಣದಲ್ಲಿ ಮತ್ತೆ ಒತ್ತಬಹುದು.

ಹೇಗಿರಬೇಕು ಅನ್ನುವುದಕ್ಕೆ ಒಂದು ಉದಾಹರಣೆ ಇದೆ. 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳ ಜೊತೆ ಹೋದ ಚಿನ್ನದ ಪ್ಲೇಟಿನ ಸಂಗೀತವನ್ನು 2016ರಲ್ಲಿ ಓಝ್ಮಾ ರೆಕಾರ್ಡ್ಸ್ ಅನ್ನೋ ಸಣ್ಣ ತಂಡ, ಜನರಿಂದ ಮುಂಗಡ ಎತ್ತುವ ತಾಣವಾದ ಕಿಕ್‌ಸ್ಟಾರ್ಟರ್‌ನಲ್ಲಿ ವಿನೈಲ್ ಮಾಡಲು ಹೊರಟಿತು. ಕೇಳಿದ್ದು 1,98,000 ಡಾಲರ್, ಬಂದದ್ದು 13 ಲಕ್ಷಕ್ಕೂ ಜಾಸ್ತಿ. ಅವರು ಸೋನಿ ಕಂಪನಿಯ ಸಂಗ್ರಹದಲ್ಲಿದ್ದ ಮೂಲ ಟೇಪ್ ಹುಡುಕಿಸಿ, ಆ ಪ್ಲೇಟನ್ನು ಮೊದಲು ರೂಪಿಸಿದ ತಿಮೋಥಿ ಫೆರಿಸ್ ಅವರನ್ನೇ ಜೊತೆಗಿಟ್ಟುಕೊಂಡು ಕೆಲಸ ಮಾಡಿದರು, ಮತ್ತು ಅದನ್ನು ಎಲ್ಲರಿಗೂ ಹೇಳಿದರು. 2018ರಲ್ಲಿ ಆ ಪೆಟ್ಟಿಗೆಯ ವಿನ್ಯಾಸಕ್ಕೆ ಗ್ರ್ಯಾಮಿ ಬಂತು. ಅದರಲ್ಲಿ ಹಿಂದೂಸ್ತಾನಿ ಗಾಯಕಿ ಕೇಸರ್‌ಬಾಯಿ ಕೇರ್ಕರ್ ಅವರ ಭೈರವಿ ಇದೆ, ಕನ್ನಡದ ಶುಭಾಶಯವೂ ಇದೆ. ಅಂಥವರಿಗೆ ಮುಂಗಡ ಕೊಡಲು ನನಗೆ ಯಾವ ಅಳುಕೂ ಇಲ್ಲ.

ನಿಜವಾಗಿ ಹಳೆಯದನ್ನು ಉಳಿಸಬೇಕು ಅನ್ನಿಸಿದರೆ ಅವೆನ್ಯೂ ರೋಡಿಗೆ ಹೋಗಿ. ಕವರ್ ಕೂಡ ಇಲ್ಲದೆ ಒಂದರ ಮೇಲೊಂದು ಪೇರಿಸಿಟ್ಟ ಕನ್ನಡದ ಪ್ಲೇಟುಗಳಲ್ಲಿ, ಎಲ್ಲೂ ಸಿಗದ ನಾಟಕದ ಹಾಡು, ಹರಿಕಥೆ ಇರಬಹುದು. ಅದನ್ನು ತಂದು ತೊಳೆದು, ಒಳ್ಳೆಯ ಮುಳ್ಳಿನಲ್ಲಿ ಹಾಕಿ ಡಿಜಿಟಲ್ ಪ್ರತಿ ಮಾಡಿಡಿ. ನಮ್ಮ ಕಾನೂನಿನಲ್ಲಿ ರೆಕಾರ್ಡಿಂಗ್ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ. 1960ರಲ್ಲಿ ಬಂದ ಪ್ಲೇಟಿನದು 2020ರ ಕೊನೆಗೆ ಮುಗಿಯಿತು. ಸಾಹಿತ್ಯ ಮತ್ತು ರಾಗ ಸಂಯೋಜನೆಯ ಹಕ್ಕು ಬೇರೆ, ಅದು ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ, ಹಂಚುವ ಮೊದಲು ಅದನ್ನು ನೋಡಿಕೊಳ್ಳಿ. ನಮ್ಮ ಬೆಂಗಳೂರಿನಲ್ಲೇ ವಿಕ್ರಂ ಸಂಪತ್ ಶುರು ಮಾಡಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಹಳೇ ಗ್ರಾಮಫೋನ್ ಪ್ಲೇಟುಗಳನ್ನು ಹೀಗೇ ಡಿಜಿಟಲ್ ಮಾಡಿದೆ.

ಇಷ್ಟಾದ ಮೇಲೂ ನಿಮಗೆ ಆ ಆಲ್ಬಂ ಬೇಕೇ ಬೇಕು ಅಂದರೆ, ಇವತ್ತೇ ಕಂಪನಿಗೆ ಮೇಲ್ ಹಾಕಿ. ಕಟ್ ಮಾಡುವುದು ಮೂಲ ಟೇಪ್‌ನಿಂದಲಾ, ಅದರ ಹೊಸ ಡಿಜಿಟಲ್ ಪ್ರತಿಯಿಂದಲಾ, ಸಿಡಿ ಫೈಲ್‌ನಿಂದಲಾ? ಕಟ್ ಮಾಡುವ ಎಂಜಿನಿಯರ್ ಯಾರು? ಗುರಿ ಮುಟ್ಟದಿದ್ದರೆ ದುಡ್ಡು ಯಾವಾಗ ವಾಪಸ್, ಅಲ್ಲಿಯವರೆಗೆ ಯಾರ ಹತ್ತಿರ ಇರುತ್ತೆ? ಕೊನೆಯದನ್ನು ಬಿಡಬೇಡಿ. ಪ್ಲೆಡ್ಜ್‌ಮ್ಯೂಸಿಕ್ ಅನ್ನೋ, ಇಂಥದೇ ಮುಂಗಡ ಎತ್ತುವ ವೇದಿಕೆ 2019ರಲ್ಲಿ ಮುಚ್ಚಿದಾಗ ಅಭಿಮಾನಿಗಳು ಕಟ್ಟಿದ ದುಡ್ಡು ಎಷ್ಟೋ ಕಲಾವಿದರಿಗೆ ತಲುಪಲೇ ಇಲ್ಲ. ಉತ್ತರ ನುಣುಚಿಕೊಳ್ಳುವ ಹಾಗಿದ್ದರೆ ಹಾಕಬೇಡಿ. ಸರಿಯಾಗಿ ಹೇಳಿದರೆ ಕ್ರೆಡಿಟ್ ಕಾರ್ಡಿನಲ್ಲಿ, ನಿಮ್ಮ ಒಂದು ಪ್ರತಿಗೆ ಮಾತ್ರ ಕಟ್ಟಿ. ಬೇರೆಯವರ ದುಡ್ಡು ಕೈಗೆ ತೆಗೆದುಕೊಳ್ಳಬೇಡಿ.

ಅವರು ಏನು ಉತ್ತರ ಕೊಟ್ಟರು ಅಂತ ಇಲ್ಲೇ ಬರೆಯಿರಿ, ಅದನ್ನು ಓದಿ ಬಿಡಿಸಿ ಹೇಳಲು ನಾನಿದ್ದೇನೆ.