ಮಹಿಳಾ ಉದ್ಯೋಗಿಗಳ ಪ್ರಮಾಣ ರಾಷ್ಟ್ರೀಯ ಸರಾಸರಿಗಿಂತ ಕಡಿಮೆ ಇದ್ದರೆ ಅದು ತಾರತಮ್ಯವೇ?

ಅಮೆರಿಕದ ನಿಮ್ಮ ಸಾಫ್ಟ್‌ವೇರ್ ಕಂಪನಿಯಲ್ಲಿ ಮಹಿಳೆಯರು ಶೇ 28, ದೇಶದ ಒಟ್ಟು ದುಡಿಯುವವರಲ್ಲಿ ಸುಮಾರು ಶೇ 47. ತಾರತಮ್ಯಕ್ಕೆ ಇಷ್ಟು ಸಾಕ್ಷಿ ಸಾಲದೇ ಎಂದು ಕೇಳಿದ್ದೀರಿ. ಸಾಲದು. ನೇಮಕಾತಿಯ ಅಂಕಿಅಂಶ ನೋಡುವುದೇ ನನ್ನ ಕೆಲಸ. ಈ 47ನ್ನು ಹಿಡಿದು ಕಂಪನಿಗಳನ್ನು ದೂರುವವರನ್ನೂ, ‘ಅರ್ಹರೇ ಸಿಗುವುದಿಲ್ಲ’ ಎಂದು ನುಣುಚಿಕೊಳ್ಳುವ ಕಂಪನಿಗಳನ್ನೂ ಕಂಡಿದ್ದೇನೆ. ಇಬ್ಬರೂ ತಮಗೆ ಅನುಕೂಲವಾದ ಛೇದವನ್ನೇ, ಅಂದರೆ ಹೋಲಿಕೆಯ ಗುಂಪನ್ನೇ, ಆರಿಸಿಕೊಂಡಿರುತ್ತಾರೆ.

ಆ 47ರಲ್ಲಿ ದಾದಿಯರು, ಶಿಕ್ಷಕಿಯರು, ಅಂಗಡಿಯ ಮಾರಾಟಗಾರರು ಎಲ್ಲರೂ ಇದ್ದಾರೆ. ಎಂಜಿನಿಯರ್ ಹುದ್ದೆಗೆ ಅವರನ್ನು ಯಾರೂ ಕರೆಯುವುದಿಲ್ಲ. ಅಮೆರಿಕದಲ್ಲಿ ಕಂಪ್ಯೂಟರ್ ವಿಜ್ಞಾನದ ಪದವಿ ಪಡೆದವರಲ್ಲಿ ಮಹಿಳೆಯರ ಪಾಲು 1980ರ ದಶಕದ ಮಧ್ಯದಲ್ಲಿ ಸುಮಾರು ಶೇ 37 ಇತ್ತು. ಆಮೇಲೆ ಶೇ 20ಕ್ಕಿಂತ ಕೆಳಗೆ ಇಳಿದದ್ದೂ ಉಂಟು. ವಿಶೇಷ ತರಬೇತಿ ಬೇಡದ ಕೆಲಸವಾದರೆ ಮಾತ್ರ ಒಟ್ಟು ಜನಸಂಖ್ಯೆಯ ಜೊತೆಗಿನ ಹೋಲಿಕೆಗೆ ಅರ್ಥವಿದೆ.

ಛೇದ ಬದಲಾದರೆ ಏನಾಗುತ್ತದೆ ಎಂಬುದಕ್ಕೆ 1977ರ ಹೇಜಲ್‌ವುಡ್ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಹೇಜಲ್‌ವುಡ್ ಎಂಬುದು ಸೇಂಟ್ ಲೂಯಿಸ್ ನಗರದ ಹೊರವಲಯದ ಒಂದು ಶಾಲಾ ಜಿಲ್ಲೆ, ಅಂದರೆ ಅಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ. ಶಿಕ್ಷಕರ ನೇಮಕದಲ್ಲಿ ಕಪ್ಪು ವರ್ಣೀಯರಿಗೆ ತಾರತಮ್ಯ ಮಾಡಿದ ಆರೋಪ ಅದರ ಮೇಲಿತ್ತು. ಅದು ಎರಡು ವರ್ಷಗಳಲ್ಲಿ 405 ಶಿಕ್ಷಕರನ್ನು ನೇಮಿಸಿಕೊಂಡಿತ್ತು. ಅವರಲ್ಲಿ ಕಪ್ಪು ವರ್ಣೀಯರು 15 ಮಂದಿ. ನಮ್ಮ ವಿದ್ಯಾರ್ಥಿಗಳಲ್ಲೇ ಕಪ್ಪು ವರ್ಣೀಯರು ಶೇ 2ರಷ್ಟು ಮಾತ್ರ ಎಂಬ ಜಿಲ್ಲೆಯ ಲೆಕ್ಕವನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆ ಪ್ರದೇಶದ ಅರ್ಹ ಶಿಕ್ಷಕರೊಂದಿಗೆ ಹೋಲಿಸಿ ಎಂದಿತು. ಆದರೆ ಯಾವ ಪ್ರದೇಶ? ನಗರವನ್ನೂ ಸೇರಿಸಿದರೆ ಅರ್ಹ ಶಿಕ್ಷಕರಲ್ಲಿ ಕಪ್ಪು ವರ್ಣೀಯರ ಪಾಲು ಶೇ 15.4, ಅಂದರೆ ಸುಮಾರು 62 ಮಂದಿ ಇರಬೇಕಿತ್ತು. ನಗರವನ್ನು ಬಿಟ್ಟರೆ ಶೇ 5.7, ಅಂದರೆ 23. ಮೊದಲನೆಯ ಲೆಕ್ಕದಲ್ಲಿ ಕೊರತೆ ಆರು ಪ್ರಮಾಣಿತ ವಿಚಲನೆಗಳನ್ನೂ (ಆಕಸ್ಮಿಕವಾಗಿ ಆಗುವ ಏರುಪೇರಿನ ಅಳತೆ) ಮೀರುತ್ತದೆ, ಆಕಸ್ಮಿಕ ಎನ್ನುವಂತೆಯೇ ಇಲ್ಲ. ಎರಡನೆಯದರಲ್ಲಿ ಎರಡಕ್ಕಿಂತ ಕಡಿಮೆ; ಅನುಮಾನ ಉಳಿಯಬಹುದು, ಆದರೆ ಅಂಕಿಯೊಂದರಿಂದಲೇ ಆರೋಪ ನಿಲ್ಲುವುದಿಲ್ಲ. ನಗರದ ಶಾಲೆಗಳು ತಮ್ಮ ಶಿಕ್ಷಕರಲ್ಲಿ ಅರ್ಧದಷ್ಟು ಕಪ್ಪು ವರ್ಣೀಯರೇ ಇರುವಂತೆ ಪ್ರಯತ್ನಿಸುತ್ತಿದ್ದವು, ಆದ್ದರಿಂದ ನಗರವನ್ನು ಸೇರಿಸಬಾರದು ಎಂದು ಜಿಲ್ಲೆ ವಾದಿಸಿತು. ನ್ಯಾಯಾಲಯ ಆ ಪ್ರಶ್ನೆಯನ್ನು ಕೆಳಗಿನ ಕೋರ್ಟಿಗೇ ಮರಳಿಸಿತು.

ಗಾತ್ರವನ್ನೂ ಮರೆಯಬೇಡಿ. ಅರ್ಹರಲ್ಲಿ ಮಹಿಳೆಯರು ಶೇ 20 ಎಂದುಕೊಳ್ಳಿ. 40 ಎಂಜಿನಿಯರುಗಳಲ್ಲಿ 6 ಮಹಿಳೆಯರಿದ್ದರೆ ಅದು ಕಾಕತಾಳೀಯವಿರಬಹುದು. 400ರಲ್ಲಿ 60 ಇದ್ದರೆ ಶೇಕಡಾ ಪ್ರಮಾಣ ಅದೇ, ಆದರೆ ಅಂತರ ಎರಡೂವರೆ ಪ್ರಮಾಣಿತ ವಿಚಲನೆ. ಕಂಪನಿ ಉತ್ತರ ಕೊಡಬೇಕಾಗುತ್ತದೆ.

ನಿಮ್ಮ ಶೇ 28ರೊಳಗೆ ಯಾರಿದ್ದಾರೆ ಎಂದೂ ನೋಡಿ. ಮಾನವ ಸಂಪನ್ಮೂಲ ಮತ್ತು ಸ್ವಾಗತ ವಿಭಾಗದಲ್ಲೇ ಮಹಿಳೆಯರು ತುಂಬಿಕೊಂಡಿದ್ದು, ಎಂಜಿನಿಯರುಗಳಲ್ಲಿ ಬೆರಳೆಣಿಕೆಯಷ್ಟೇ ಇದ್ದರೆ ಆ ಒಟ್ಟು ಅಂಕಿ ಮುಚ್ಚಿಡುವುದೇ ಹೆಚ್ಚು. ನೂರು ಅಥವಾ ಅದಕ್ಕಿಂತ ಹೆಚ್ಚು ಉದ್ಯೋಗಿಗಳಿರುವ ಖಾಸಗಿ ಕಂಪನಿಗಳು ಅಮೆರಿಕದಲ್ಲಿ ಹತ್ತು ಉದ್ಯೋಗ ವರ್ಗಗಳ ಪ್ರಕಾರ ಸರ್ಕಾರಕ್ಕೆ ವರದಿ ಕೊಡುವುದು ಸುಮ್ಮನೆ ಅಲ್ಲ.

ನಾನಾದರೆ ರಾಷ್ಟ್ರೀಯ ಸರಾಸರಿಯನ್ನು ಬದಿಗಿಟ್ಟು ಅರ್ಜಿಗಳನ್ನು ಕೇಳುತ್ತೇನೆ. 100 ಪುರುಷರು ಅರ್ಜಿ ಹಾಕಿ 20 ಮಂದಿ ಆಯ್ಕೆಯಾದರು, 50 ಮಹಿಳೆಯರು ಅರ್ಜಿ ಹಾಕಿ 6 ಮಂದಿ ಆಯ್ಕೆಯಾದರು ಎಂದಿಟ್ಟುಕೊಳ್ಳಿ: ಶೇ 20ರ ಎದುರು ಶೇ 12. ಉದ್ಯೋಗಿಗಳ ಆಯ್ಕೆಯ ಬಗ್ಗೆ ಅಮೆರಿಕ ಸರ್ಕಾರದ 1978ರ ಮಾರ್ಗಸೂಚಿಯ ಪ್ರಕಾರ ಒಂದು ಗುಂಪಿನ ಆಯ್ಕೆಯ ದರ ಅತಿ ಹೆಚ್ಚು ದರವಿರುವ ಗುಂಪಿನ ಐದರಲ್ಲಿ ನಾಲ್ಕು ಪಾಲಿಗಿಂತ ಕಡಿಮೆಯಿದ್ದರೆ ಪರಿಶೀಲನೆಗೆ ಕಾರಣವಿದೆ. ಇಲ್ಲಿ ಐದರಲ್ಲಿ ಮೂರು ಪಾಲು ಮಾತ್ರ. ಅರ್ಜಿಗಳೇ ಬರುತ್ತಿಲ್ಲ ಎಂದು ಕಂಪನಿ ಹೇಳಿದರೆ, ಹುದ್ದೆ ಖಾಲಿಯಿರುವ ಸುದ್ದಿ ಉದ್ಯೋಗಿಗಳ ಪರಿಚಿತರಿಗಷ್ಟೇ ತಲುಪುತ್ತಿದೆಯೇ ಎಂದು ವಿಚಾರಿಸಿ.